ಹನ್ನೊಂದನೇ ನಂಬರು ಓಡಿಹೋದದ್ದು

ಓದಿದವನ ಬಾಯಿಂದ ಹೊರಡಲಾರದ ಮಾತೊಂದಿದೆ: "ನನಗೆ ಗೊತ್ತಿಲ್ಲ." ಓದದವರು ಇದನ್ನು ದಿನವಿಡೀ ಸಲೀಸಾಗಿ ಹೇಳಿಕೊಂಡು ನೆಮ್ಮದಿಯಾಗಿರುತ್ತಾರೆ. ತುಂಬಾ ಓದಿದ ದೊಡ್ಡ ಮನುಷ್ಯರು ಇದನ್ನೇ ವಿನಯ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನಡುವೆ ಸಿಕ್ಕಿಕೊಂಡಿರುವವನು ನಾನು. ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಯ ನಮ್ಮ ಮನೆತನದಲ್ಲಿ ಡಿಗ್ರಿ ಪಾಸು ಮಾಡಿದ ಮೊದಲನೆಯವನು ನಾನೇ ಆದ್ದರಿಂದ, ಮಾತ್ರೆಯ ಹಾಳೆಯ ಹಿಂದೆ ಸಣ್ಣಗೆ ಬರೆದಿರುವುದೇನು, ಕರೆಂಟು ಬಿಲ್ಲು ಈ ತಿಂಗಳು ಯಾಕೆ ಏರಿತು, ಟಿವಿಯಲ್ಲಿ ಆ ಇಂಗ್ಲಿಷಿನವಳು ಯಾಕೆ ಅಳುತ್ತಿದ್ದಾಳೆ, ಎಲ್ಲವನ್ನೂ ನಾನೇ ಹೇಳಬೇಕು. ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, "ಬಿಎ" ಎನ್ನುತ್ತಾರೆ. ಒಮ್ಮೆ ಪಕ್ಕದ ಮನೆಯವರು ಸತ್ತ ಹಾವನ್ನು ಕೋಲಿನ ಮೇಲೆ ಹಾಕಿಕೊಂಡು ಬಂದು, "ನೋಡ್ಲಾ ಬಿಎ, ಇದು ಇಸದ್ದಾ?" ಎಂದು ಕೇಳಿದರು. ನಾನು ಕನ್ನಡ ಐಚ್ಛಿಕ. ಆದರೂ ಗಂಭೀರವಾಗಿ ಬಗ್ಗಿ ನೋಡಿ, "ವಿಷದ್ದೇ," ಎಂದೆ. ಸತ್ತ ಹಾವಿನ ವಿಷಯದಲ್ಲಿ ತಪ್ಪಿದರೂ ಯಾರಿಗೂ ತೊಂದರೆಯಿಲ್ಲ.

ಆ ಡಿಗ್ರಿ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳಗಿನ ಜಾವ ಡೈರಿಗೆ ಹಾಲು ಹಾಕಿ, ಕ್ಯಾನು ತೊಳೆದಿಟ್ಟು, ಬಂಗಾರಪೇಟೆಯ ಬಸ್ಸಿನ ಮೆಟ್ಟಿಲ ಮೇಲೆ ಒಂದೇ ಕಾಲಿಟ್ಟುಕೊಂಡು ಕಾಲೇಜಿಗೆ ಹೋದವನು ನಾನು. ತರಗತಿಯಲ್ಲಿ ನನ್ನ ಪಕ್ಕ ಕೂತವರು ಹಾಲಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು; ನಾನು ಎರಡನೇ ಪೀರಿಯಡ್ಡಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಈಗ ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಅಮ್ಮ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದಾಳೆ. ಶುಕ್ರವಾರ ಉಳಿದ ದೇವರುಗಳಿಗೆ ಇಡುವ ಕುಂಕುಮವನ್ನು ಅದಕ್ಕೂ ಇಡುತ್ತಾಳಾದ್ದರಿಂದ, ನಾನು ಯಾವ ದರ್ಜೆಯಲ್ಲಿ ಪಾಸಾದೆ ಎಂಬುದು ಈಗ ಕುಂಕುಮದ ಹಿಂದೆ ಮರೆಯಾಗಿದೆ. ಒಳ್ಳೆಯದೇ ಆಯಿತು.

ಇಂಥವನು ಮದುವೆಯಾದದ್ದು ಕುಪ್ಪಂ ಕಡೆಯ ತೆಲುಗು ಮನೆತನದ ಸುಜಾತಳನ್ನು. ನಮ್ಮ ಸೀಮೆಯಲ್ಲಿ ತೆಲುಗು ಬಾರದವನನ್ನು ದುರ್ಬೀನು ಹಾಕಿ ಹುಡುಕಬೇಕು. ಹುಡುಕಿದರೆ ನಾನು ಸಿಗುತ್ತೇನೆ. ಉಳಿದವರು ಸಂತೆಯಲ್ಲಿ, ಬಸ್ಸಿನಲ್ಲಿ ತೆಲುಗು ಕಲಿಯುತ್ತಿದ್ದ ವಯಸ್ಸಿನಲ್ಲಿ ನಾನು ಬಸ್ಸಿನಲ್ಲೇ ಕೂತು ಕನ್ನಡ ವ್ಯಾಕರಣ ಉರುಹೊಡೆಯುತ್ತಿದ್ದೆ. ಸುಜಾತ ಬಂಗಾರಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡದಲ್ಲೇ ಓದಿದವಳಾದ್ದರಿಂದ ಮನೆಯೊಳಗೆ ತೊಂದರೆಯಿಲ್ಲ. ತೊಂದರೆಯೆಲ್ಲ ಮಾವನವರದು. ಅವರು ದನದ ವ್ಯಾಪಾರದ ದಲ್ಲಾಳಿ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳಬಲ್ಲವರು. ಹೆಣ್ಣು ನೋಡಲು ಹೋದ ದಿನ ನನ್ನ ಗದ್ದದ ಕಡೆಯೇ ಕಣ್ಣಿಟ್ಟು ಕೂತಿದ್ದರಿಂದ ನಾನು ಆವತ್ತು ಉಪ್ಪಿಟ್ಟನ್ನೂ ಬಾಯಿ ಪೂರ್ತಿ ತೆರೆಯದೆ ತಿಂದೆ. ಅಳಿಯ ಡಿಗ್ರಿ ಮಾಡಿದವನು, ಆದ್ದರಿಂದ ತೆಲುಗು ಬಂದೇ ಬರುತ್ತದೆ ಎಂಬುದು ಅವರ ತೀರ್ಮಾನ. ನನ್ನೊಡನೆ ಹವಾಪಾನಿಯನ್ನು ಕನ್ನಡದಲ್ಲಿ ಮಾತಾಡುತ್ತಾರೆ. ಮುಖ್ಯವಾದದ್ದನ್ನೆಲ್ಲ ತೆಲುಗಿನಲ್ಲಿ ಹೇಳುತ್ತಾರೆ. ನಾನು "ಅವುನು, ಅವುನು" ಎಂದು ತಲೆಯಾಡಿಸುತ್ತೇನೆ. ಹೌದು ಎನ್ನುವುದೊಂದು ಗೊತ್ತಿದ್ದರೆ ಅಳಿಯನಾದವನ ಜೀವನ ಮುಕ್ಕಾಲುಪಾಲು ನಡೆದುಹೋಗುತ್ತದೆ.

ಉಳಿದ ಕಾಲುಭಾಗಕ್ಕೆ ನನ್ನ ಬಳಿ ಒಂದು ಸೂತ್ರವಿತ್ತು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನಲ್ಲ. ನಮ್ಮ ಹಾಲು ತೆಲುಗರಿಗೆ ಇನ್ನೂ ಪಾಲು, ಹುಲಿ ಪುಲಿ, ಹಂದಿ ಪಂದಿ. ಅಂದಮೇಲೆ ಹಕಾರ ಕಂಡಲ್ಲೆಲ್ಲ ಪಕಾರ ಹಾಕಿದರೆ ಕನ್ನಡ ತಾನಾಗಿಯೇ ತೆಲುಗಾಗಬೇಕು. ಪುಸ್ತಕದವರು 'ಹೋ' ಎನ್ನುತ್ತಾರೆ, ತೆಲುಗರು 'ಪೋ' ಎನ್ನುತ್ತಾರೆ, ನಮ್ಮ ಊರಿನವರು ಎರಡೂ ಬೇಡವೆಂದು 'ಓ' ಎನ್ನುತ್ತಾರೆ. ಹೋಗುವ ಜಾಗ ಒಂದೇ. ಸೂತ್ರ ಒಂದೇ ಒಂದು ಸಲ ಕೈಕೊಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅವರ ನೆಂಟರ ಮುಂದೆ ಸುಜಾತಳನ್ನು ತೋರಿಸಿ, ಹೆಂಡತಿ ಎಂಬುದಕ್ಕೆ ಸೂತ್ರ ಹಚ್ಚಿ, "ಮಾ ಪೆಂಡತಿ" ಎಂದಿದ್ದೆ. ಆ ಕಡೆ ಪೆಂಡ ಎಂದರೆ ಸಗಣಿ. ಇದನ್ನು ಸುಜಾತ ಮರೆತಿಲ್ಲ. ಹಾಗಂತ ನನ್ನ ತೆಲುಗನ್ನು ತಿದ್ದಲೂ ಇಲ್ಲ. ಮನೆಯಲ್ಲಿ ನಗುವುದಕ್ಕೆ ಬೇರೇನಿದೆ, ಇರಲಿ ಬಿಡಿ ಎನ್ನುತ್ತಾಳೆ.

ಇನ್ನು ನನ್ನ ಬಾಮೈದ ಶೀನ. ಗಡಿಯ ಹತ್ತಿರ ಗಾಡಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಬಂಗಾರಪೇಟೆಯ ಯಾವುದೋ ಡ್ರೈವಿಂಗ್ ಸ್ಕೂಲಿನವರು ಕೈಬಿಟ್ಟ ಚಿಕ್ಕ ಕಾರೊಂದನ್ನು ಅಪ್ಪನ ಹೆಸರಿನಲ್ಲಿ ಕೊಂಡು, ಅದರ ಹೊಟ್ಟೆ ಬಗೆದು, ಏನೇನೋ ತುಂಬಿ, ರೇಸಿನ ಕಾರು ಮಾಡಿದ್ದ. ಬಾನೆಟ್ಟಿನ ಮೇಲಿನ ಕೆಂಪು 'ಎಲ್' ಅಕ್ಷರ ಎಷ್ಟು ಬಣ್ಣ ಬಳಿದರೂ ಮಸುಕಾಗಿ ಕಾಣುತ್ತಲೇ ಇತ್ತು. ಮಾವನವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಊರಿಗಾಂ ಹತ್ತಿರ, ಚಿನ್ನದ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬಗಳ ಬಯಲಿನಲ್ಲಿ ಬೆಂಗಳೂರಿನ ಕಾರುಹುಚ್ಚಿನವರ ಕೂಟವೊಂದು ರೇಸು ಇಟ್ಟಿದೆ ಎಂದಾಗ ಅಪ್ಪನಿಗೂ ಮಗನಿಗೂ ಒಂದು ಕರಾರಾಯಿತು. ಗೆದ್ದರೆ ಮಾವ ಇನ್ನು ಬಾಯಿ ಬಿಡುವುದಿಲ್ಲ. ಸೋತರೆ ಅಲ್ಲೇ ಬಯಲಿನಲ್ಲೇ ಕಾರು ಮಾರಿ, ಶೀನ ನಾಳೆಯಿಂದ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕಕ್ಕೆ ಕೂರಬೇಕು. ಶೀನ ನನಗೆ ಫೋನು ಮಾಡಿ ಹೇಳಿದ: "ಬಾವಾ, ಅಪ್ಪಂಗೆ ರೇಸು ಅಂದ್ರೆ ಎತ್ತಿನ ಗಾಡಿ ಓಟ ಒಂದೇ ಗೊತ್ತಿರೋದು. ನೀವು ಪಕ್ಕದಲ್ಲಿದ್ದು ಬಿಡಿಸಿ ಏಳಿ. ನನ್ನ ಕಾರು ನಿಮ್ಮ ಕೈಯಾಗೈತೆ." ನಾನು ಹುಟ್ಟಿದ ಮೇಲೆ ಒಂದು ರೇಸನ್ನೂ ನೋಡಿದವನಲ್ಲ. "ಅದೇನು ದೊಡ್ಡ ವಿಷಯ, ನಾನಿದ್ದೀನಿ ಬಿಡು," ಎಂದೆ.

ಹಾಗೆ ಒಂದು ಭಾನುವಾರ ನಾವು ಸಕುಟುಂಬ ಬಂಗಾರಪೇಟೆಯಲ್ಲಿ ರೈಲು ಹತ್ತಿ ಊರಿಗಾಮಿನಲ್ಲಿ ಇಳಿದೆವು. ನಾನು, ಸುಜಾತ, ನಮ್ಮಮ್ಮ, ಕುಪ್ಪಂನಿಂದ ಬಂದ ಅತ್ತೆ ಮಾವ, ಜೊತೆಗೆ ನಮ್ಮೂರಿನ ಪಿಳ್ಳಪ್ಪಣ್ಣ. ಪಿಳ್ಳಪ್ಪಣ್ಣನ ಹಸುಗಳೆಲ್ಲ ಮಾವನವರ ಕೈಯಿಂದಲೇ ಬಂದು ಮಾವನವರ ಕೈಯಿಂದಲೇ ಹೋದವು, ಹಾಗಾಗಿ ಸ್ನೇಹ. ಅವನು ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಮೊಮ್ಮಕ್ಕಳಾದ ಮೇಲೆ ಅವನಿಗೆ ಕಾರು ಓಡಿಸಬೇಕೆಂಬ ಆಸೆ ಹುಟ್ಟಿ, ಅದೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಲಿತು ಮುಗಿಸಿದ ದಿನವೇ ಅಳಿಯನ ಕಾರನ್ನು ರಾಗಿಮೆದೆಗೆ ನುಗ್ಗಿಸಿದ್ದ. "ಗಾಡಿದೇ ತಪ್ಪು ಕಣ್ಲಾ ಬಿಎ," ಎಂದು ರೈಲಿನಲ್ಲಿ ನನಗೆ ಹೇಳಿದ. "ಅದು ತುಂಬಾ ಚುರುಕು. ನಂಗೆ ಒಂದು ಸಾಧು ಗಾಡಿ ಬೇಕು. ನಿಮ್ಮತ್ತಿಗೆಗೆ ಮಂಡಿನೋವು, ಆಸ್ಪತ್ರೆಗೆ ಕರ್ಕೊಂಡೋಗಿ ಬರೋ ಅಂಥದ್ದು."

ಬಯಲು ತಲುಪಿದರೆ ದಿಬ್ಬದ ಬಿಳಿ ಧೂಳು ಎಲ್ಲರನ್ನೂ ಸಮಾನವಾಗಿ ಕಂಡಿತ್ತು. ಬೆಂಗಳೂರಿನವರೂ ನಾವೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತಿದ್ದೆವು. ಸುತ್ತಲಿನ ಗಣಿ ಕಾರ್ಮಿಕರ ಲೈನು ಮನೆಗಳಿಂದ ತಮಿಳಿನವರು ಚಾಪೆ ತಂದು ಹಾಸಿಕೊಂಡಿದ್ದರು. ಅಮ್ಮನೂ ಅತ್ತೆಯೂ ಅವರ ಪಕ್ಕದಲ್ಲೇ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಮೊದಲನೇ ಕಾರು ಹೊರಟಿತು. ಕಿವಿ ಕಿವುಡಾಗುವಂತೆ ಅರಚಿ, ಧೂಳೆಬ್ಬಿಸಿ, ದಿಬ್ಬದ ಹಿಂದೆ ಮಾಯವಾಯಿತು. ಸುಮಾರು ಹೊತ್ತಾದ ಮೇಲೆ ಇನ್ನೊಂದು ಕಡೆಯಿಂದ ಬಂದು ನಿಂತಿತು. ಆಮೇಲೆ ಎರಡನೆಯದು ಹೊರಟಿತು.

"ಇಷ್ಟು ದೂಳೆಬ್ಬಿಸಾಕೆ ಪೆಟ್ರೋಲ್ ಯಾಕಪ್ಪಾ," ಎಂದಳು ಅಮ್ಮ. "ನಮ್ಮ ಕರು ಬಿಟ್ರೆ ಸಾಲದಾ."

ಮಾವ ನನ್ನ ಕಡೆ ತಿರುಗಿದರು. ಅಳಿಯನನ್ನು ಅವರು ತೆಲುಗಿನಲ್ಲಿ ಅಲ್ಲುಡು ಎಂದೇ ಕರೆಯುವುದು. "ಅಲ್ಲುಡೂ, ಒಂದೇ ಎತ್ತು ಓಡಿದ್ರೆ ಯಾರ ಮೇಲೆ ಗೆದ್ದಂಗೆ?"

"ಗಡಿಯಾರದ ಮೇಲೆ ಮಾವ."

"ಗಡಿಯಾರ ಎಲ್ಲಿ ಓಡ್ತಾ ಅದೆ?"

"ಅವರ ಕೈಯಲ್ಲಿದೆ. ಒಬ್ಬೊಬ್ಬರೇ ಹೋಗಿ ಬರ್ತಾರೆ, ಬೇಗ ಬಂದವನು ಗೆದ್ದ."

"ಅಂದ್ರೆ ಇದು ಕಣ್ಣಿಗೆ ಕಾಣೋ ಪಂದ್ಯ ಅಲ್ಲ," ಎಂದು ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. "ಮೈಕಿನೋನು ಏನೇಳ್ತಾನೋ ಅದೇ ಸತ್ಯ."

"ಅವುನು," ಎಂದೆ. ನಾನು ಆವತ್ತು ಸರಿಯಾಗಿ ಹೇಳಿದ್ದು ಅದೊಂದೇ.

ಮೈಕಿನವನೋ ಅಪ್ಪಟ ಇಂಗ್ಲಿಷಿನವನು. ಹಗ್ಗ ದಾಟಬೇಡಿ ಎಂದು ಅವನು ಎಷ್ಟು ನಾಜೂಕಾಗಿ ಹೇಳಿದರೆ ನಮ್ಮ ಜನ ಅಷ್ಟು ಕುತೂಹಲದಿಂದ ಹಗ್ಗ ದಾಟಿ ಹತ್ತಿರ ಬಂದು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಟೋಪಿ ಹಾಕಿದ ಹುಡುಗಿಯೊಬ್ಬಳು ಹಗ್ಗದುದ್ದಕ್ಕೂ ಓಡಾಡುತ್ತಾ, ಕನ್ನಡ, ತಮಿಳು, ತೆಲುಗು ಮೂರೂ ಬರುವವರು ಯಾರಾದರೂ ಇದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲಿದ್ದ ಟೀ ಮಾರುವವನಿಗೂ ಮೂರೂ ಬರುತ್ತಿದ್ದವು, ಚಾಪೆಯ ಮೇಲಿನ ಅಜ್ಜಿಗೂ ಬರುತ್ತಿದ್ದವು. ಆದರೆ ಭಾಷೆಗಳ ಹೆಸರು ಕಿವಿಗೆ ಬೀಳುತ್ತಲೇ ಮಾವನವರ ಕೈ ನನ್ನ ಬೆನ್ನ ಮೇಲಿತ್ತು. "ಮಾ ಅಲ್ಲುಡು ಡಿಗ್ರೀ," ಎಂದು, ಸಂತೆಯಲ್ಲಿ ಹೋರಿಯನ್ನು ಮುಂದಕ್ಕೆ ದಬ್ಬುವ ಹಾಗೆ ನನ್ನನ್ನು ದಬ್ಬಿದರು. ಸುಜಾತ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಲಾರಿಯ ಮೇಲೆ ಕಟ್ಟಿದ್ದ ಅಟ್ಟಣೆ ಹತ್ತಿಯಾಗಿತ್ತು.

ಮೈಕು ನನಗೆ ಹೊಸದಲ್ಲ. ಶಾಲೆಯ ಎಲ್ಲ ಸಮಾರಂಭಕ್ಕೂ ನಿರೂಪಣೆ ನನ್ನದೇ. "ಇದೀಗ ಏಳನೇ ಸಂಖ್ಯೆಯ ವಾಹನವು ತನ್ನ ಪಯಣವನ್ನು ಆರಂಭಿಸಲಿದೆ. ಸಭಿಕರು ದಯಮಾಡಿ ಹಗ್ಗದ ಆಚೆಯೇ ಆಸೀನರಾಗಬೇಕು," ಎಂದೆ. ಜನ ಬೆಪ್ಪಾಗಿ ಹಿಂದೆ ಸರಿದರು. ತಮಿಳಿನಲ್ಲಿ "ಕಯಿರು ತಾಂಡಾದೀಂಗ" ಎಂದೆ. ಹಗ್ಗ ದಾಟಬೇಡಿ ಎಂದು; ಶಾಲೆಯ ಕ್ರೀಡಾದಿನದಲ್ಲಿ ಕಲಿತದ್ದು. ಟೋಪಿಯ ಹುಡುಗಿ ಎರಡು ಹೆಬ್ಬೆರಳನ್ನೂ ಎತ್ತಿ ತೋರಿಸಿದಳು. ಎಂಟು, ಒಂಬತ್ತು, ಹತ್ತು ಹೋಗಿ ಬಂದವು. ಆ ಬಯಲು, ಆ ಜನ, ಆ ಸದ್ದು, ಎಲ್ಲದರ ಮೇಲೆ ನನ್ನ ದನಿ. ಹಾಲಿನ ವಾಸನೆ ಎಂದು ಮೂಗು ಮುಚ್ಚಿಕೊಂಡವರು ಎಲ್ಲಾದರೂ ಇದ್ದು ಕೇಳಿಸಿಕೊಳ್ಳಲಿ ಅನ್ನಿಸಿತು.

ಹನ್ನೊಂದನೆಯದು ನಮ್ಮ ಶೀನನ ಕಾರು. ಅವನ ಪಕ್ಕದಲ್ಲಿ ಗೆಳೆಯ ಕುಮಾರ, ಮುಂದೆ ಬರುವ ತಿರುವುಗಳನ್ನು ಚೀಟಿ ನೋಡಿ ಗಟ್ಟಿಯಾಗಿ ಓದಿ ಹೇಳುವುದು ಅವನ ಕೆಲಸ. ಇಬ್ಬರೂ ತಲೆಗೆ ಹೆಲ್ಮೆಟ್ಟು ಹಾಕಿ ಕೂತಿದ್ದರು. ಬಾವುಟ ಬಿತ್ತು. ಆ ಮಸುಕು 'ಎಲ್' ಅಕ್ಷರದ ಕಾರು ಕಣ್ಣಿ ಕಿತ್ತ ಹೋರಿಯಂತೆ ಎಗರಿ, ನಾನು ಒಂದು ವಾಕ್ಯಕ್ಕೆ ಉಸಿರೆಳೆದುಕೊಳ್ಳುವುದರೊಳಗೆ ದಿಬ್ಬದ ಹಿಂದೆ ಹೋಗಿತ್ತು. ಅದುವರೆಗೆ ಯಾವ ಕಾರೂ ಹಾಗೆ ಹೋಗಿರಲಿಲ್ಲ. ನನ್ನ ಎದೆ ಉಬ್ಬಿತು. ದೂರದಲ್ಲಿ ಛತ್ರಿ ಹಿಡಿದು ನಿಂತ ಮಾವ ಕಂಡರು. ಅವರಿಗೆ ಅರ್ಥವಾಗುವಂತೆ, ಅವರದೇ ಭಾಷೆಯಲ್ಲಿ, ಮಗನ ಪ್ರತಾಪವನ್ನು ಹೇಳಬೇಕು ಎನ್ನಿಸಿತು. ಓಡಿಹೋದ. ಸೂತ್ರ ಹಚ್ಚಿದೆ.

"ಪದಕೊಂಡೋ ನಂಬರು ಓಡಿಪೋಯಿನಾಡು," ಎಂದು ಕೂಗಿದೆ.

ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಆನಂದದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡು, ಇನ್ನೂ ಗಟ್ಟಿಯಾಗಿ, "ಓಡಿಪೋಯಿನಾಡು, ಮಾ ಶೀನಡು ಓಡಿಪೋಯಿನಾಡು," ಎಂದೆ. ಮಾವ ಛತ್ರಿ ಮಡಚಿದರು. ಪಕ್ಕದಲ್ಲಿದ್ದ ಪಿಳ್ಳಪ್ಪಣ್ಣನ ಕೈ ಹಿಡಿದರು. ಹೆಗಲ ಮೇಲಿನ ಟವೆಲು ತೆಗೆದು ಇಬ್ಬರ ಕೈಗಳ ಮೇಲೂ ಹಾಸಿದರು. ಮಗ ಕ್ಷೇಮವಾಗಿ ಬರಲೆಂದು ಇಬ್ಬರೂ ಸೇರಿ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಾರೆ ಎಂದು ನನಗೆ ಕಣ್ಣು ತುಂಬಿ ಬಂತು. ಅವರ ಧೈರ್ಯಕ್ಕೆ ಇರಲಿ ಎಂದು ಮತ್ತೆ ಮೂರು ನಾಲ್ಕು ಸಲ ಅದನ್ನೇ ಕೂಗಿದೆ.

ದನದ ವ್ಯಾಪಾರ ಕಂಡವರಿಗೆ ಟವೆಲಿನ ವಿಷಯ ಗೊತ್ತು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ; ಟವೆಲಿನೊಳಗೆ ಬೆರಳು ಮುಟ್ಟಿ ಹೇಳುತ್ತಾರೆ, ಸುತ್ತ ನಿಂತವರಿಗೆ ಕಾಣಬಾರದೆಂದು. ಟವೆಲಿನಿಂದ ಕೈ ಹೊರಗೆ ಬಂದಿತೋ, ವ್ಯಾಪಾರ ಮುಗಿಯಿತು. ಮಾರಿದವನು ಸತ್ತರೂ ಮಾತು ತಪ್ಪುವಂತಿಲ್ಲ. ಕೊಂಡವನಿಗೆ ಮಾತ್ರ ಒಂದು ದಾರಿಯುಂಟು. ಹಾಯುವ, ಒದೆಯುವ, ಓಡಿಹೋಗುವ ದನವನ್ನು ಸಾಧು ಎಂದು ಹೇಳಿ ಕೊಟ್ಟಿದ್ದರೆ, ಹೊತ್ತು ಮುಳುಗುವುದರೊಳಗೆ ವಾಪಸು ತಂದು ಕಟ್ಟಬಹುದು. ಈ ಕಾನೂನಿನ ಮೇಲೆ ಮಾವನವರ ಇಡೀ ಜೀವನ ನಿಂತಿದೆ.

ಅಷ್ಟರಲ್ಲಿ ಸುಜಾತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಟ್ಟಣೆಯ ಕೆಳಗೆ ಬಂದು ನಿಂತಿದ್ದಳು. "ರೀ, ಇಳೀರಿ."

"ಯಾಕೆ, ಇನ್ನೂ ಹನ್ನೆರಡನೇ ನಂಬರು..."

"ಓಡಿಪೋಯಿನಾಡು ಅಂದ್ರೆ ಏನು?"

"ಓಡಿಹೋದ. ಮುಂದೆ ಮುಂದೆ ಓಡಿಹೋದ."

"ಸೋತುಹೋದ ಅಂತ ಅರ್ಥ," ಎಂದಳು ಸುಜಾತ. "ಅಪ್ಪ ಕಾರು ಮಾರಿಬಿಟ್ರು."

ಮೈಕನ್ನು ಟೋಪಿಯ ಹುಡುಗಿಯ ಕೈಗಿತ್ತು ಇಳಿದೆ. ನಾನು ಒಂದೊಂದು ಸಲ "ಓಡಿಪೋಯಿನಾಡು" ಎಂದಾಗಲೂ ಟವೆಲಿನೊಳಗೆ ಮಾವನವರ ಒಂದೊಂದು ಬೆರಳು ಮಡಚಿಕೊಂಡಿತಂತೆ. ಮಗ ಇಷ್ಟು ಸಲ ಸೋತಮೇಲೆ ಬೆಲೆ ಇಳಿಸದೆ ಏನು ಮಾಡಿಯಾರು. ಲಾರಿಯ ನೆರಳಲ್ಲಿ ನಿಂತು ನನಗೆ ಹಿಂದಿನದೆಲ್ಲ ನೆನಪಾಗತೊಡಗಿತು. ಮಾವನವರ ದೊಡ್ಡಪ್ಪನ ಮಗ ಪಂಚಾಯಿತಿ ಚುನಾವಣೆಗೆ ನಿಂತು ಓಡಿಪೋಯಿನಾಡು ಎಂದಿದ್ದರು. ಅವರ ಸೋದರಮಾವ ಕೋರ್ಟಿನಲ್ಲಿ ಓಡಿಪೋಯಿನಾಡು ಎಂದಿದ್ದರು. ಇಷ್ಟು ವರ್ಷ ನಾನು ಇವರ ವಂಶದಲ್ಲಿ ಓಡಿಹೋಗುವವರೇ ಹೆಚ್ಚು ಎಂದು ತಿಳಿದು ಒಳಗೊಳಗೇ ಮರುಗಿದ್ದೆ. ಚುನಾವಣೆಯವನ ವಿಷಯದಲ್ಲಂತೂ, "ಬಿಡಿ ಮಾವ, ಹಸಿವಾದರೆ ತಾನೇ ಬರ್ತಾನೆ," ಎಂದು ಸಮಾಧಾನವನ್ನೂ ಹೇಳಿದ್ದೆ.

ಅನಾಹುತ ತೆಲುಗಿನಲ್ಲೇ ನಿಂತಿರಲಿಲ್ಲ. ತಮಿಳಿನಲ್ಲಿ ಓಡಿಪೋಗುವುದು ಎಂದರೆ ಹುಡುಗಿಯೊಡನೆ ಓಡಿಹೋಗುವುದು. ಪಕ್ಕದ ಚಾಪೆಯ ತಮಿಳು ಅಜ್ಜಿ ಮೈಕಿನ ಮಾತು ಕೇಳಿ, "ಓಡಿಪೋಯಿಟ್ಟಾನಾ? ಯಾರೋಡ?" ಎಂದು ಅತ್ತೆಯನ್ನು ವಿಚಾರಿಸಿದ್ದಳು; ಓಡಿಹೋದನಾ, ಯಾರ ಜೊತೆ, ಎಂದು. ಸೋತುಹೋದ ಎಂದು ತೆಲುಗಿನಲ್ಲಿ ಕೇಳಿಸಿಕೊಂಡು ಬೇಜಾರಾಗಿದ್ದ ಅತ್ತೆಗೆ ಈಗ ಇನ್ನೊಂದು ಗಾಬರಿ ಹತ್ತಿತು. ಕಾರು ಹೊರಡುವಾಗ ಮಗನ ಪಕ್ಕದಲ್ಲಿ ಹೆಲ್ಮೆಟ್ಟು ಹಾಕಿಕೊಂಡ ಸಣ್ಣ ಆಕೃತಿಯೊಂದು ಕೂತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹತ್ತಿರ ಹೋದರೆ ಅಮ್ಮ ಅವರ ಬೆನ್ನು ಸವರುತ್ತಾ, "ಓಗ್ಲಿ ಬಿಡಿ ಬೀಗಿತ್ತಿ. ಒಳ್ಳೆ ಜಾತಿ ಉಡುಗಿ ಆದ್ರೆ ನಾವೇ ನಿಂತು ಮದ್ವೆ ಮಾಡನ," ಎನ್ನುತ್ತಿದ್ದಳು.

ಶೀನ ವಾಪಸು ಬಂದ. ಕಾರು ನಿಂತ ಕೂಡಲೇ ಅತ್ತೆ ಮಗನನ್ನು ಬಿಟ್ಟು ಇನ್ನೊಂದು ಬಾಗಿಲಿಗೆ ಹೋಗಿ, "ಎವುರಮ್ಮಾ ನುವ್ವು?" ಎಂದು ಕೇಳಿದರು. ಯಾರಮ್ಮ ನೀನು, ಎಂದು. ಹೆಲ್ಮೆಟ್ಟು ಹೊರಬಂತು. ಒಳಗೆ ಕುಮಾರನ ದಪ್ಪ ಮೀಸೆಯಿತ್ತು. ಅವನು ಇಳಿದು, ದಿಬ್ಬದ ಮರೆಗೆ ಹೋಗಿ, ಬೆಳಗಿನ ಇಡ್ಲಿಯನ್ನು ಭೂಮಿಗೆ ಒಪ್ಪಿಸಿ ಬಂದು, ತಲೆ ಹಿಡಿದು ಕೂತ. "ಓಡೋ ಗಾಡಿಯಾಗೆ ಓದಿದ್ರೆ ಒಟ್ಟೆಲಿರೋದು ನಿಲ್ಲಲ್ಲ ಶೀನಾ. ನಾನಿನ್ನ ಬರಲ್ಲ," ಎಂದ.

ಶೀನ ಕೇಳಿಸಿಕೊಳ್ಳಲಿಲ್ಲ. ಅವನು ನೋಡುತ್ತಿದ್ದದ್ದು ಪಿಳ್ಳಪ್ಪಣ್ಣನನ್ನು. ಕೊಂಡ ದನಕ್ಕೆ ಮಾರಿದವನ ಕಣ್ಣಿ ಉಳಿಯಬಾರದು, ಕೊಂಡವನದೇ ಹೊಸ ಹಗ್ಗ ಬೀಳಬೇಕು ಎಂಬುದು ರಿವಾಜು. ಪಿಳ್ಳಪ್ಪಣ್ಣ ಎಲ್ಲಿಂದಲೋ ಹಗ್ಗ ತಂದು, ಕಾರಿನ ಮುಂದಿನ ಬಂಪರಿಗೆ ಬಿಗಿದು, ಇನ್ನೊಂದು ತುದಿಯನ್ನು ನೀಲಗಿರಿ ಮರಕ್ಕೆ ಕಟ್ಟುತ್ತಿದ್ದ. ಇಂಜಿನ್ನು ಇನ್ನೂ ಬಿಸಿಯಾಗಿತ್ತು.

"ಬಾವಾ, ಏನಿದು?" ಎಂದ ಶೀನ.

ನನಗೆ ಗೊತ್ತಿಲ್ಲ ಎನ್ನಬಹುದಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಗೆ ಬಂತು, ಆದರೆ ಆವತ್ತು ನನಗೆ ಎಲ್ಲವೂ ಗೊತ್ತಿತ್ತು. ಹೇಳಿದೆ. ಶೀನ ಬೈಯಲಿಲ್ಲ. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಪಕ್ಕ ನೆಲದ ಮೇಲೆ ಕೂತ. ಬೈದಿದ್ದರೆ ಚೆನ್ನಾಗಿತ್ತು. ಸುಜಾತ ತಮ್ಮನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಮಾವನವರಿಗೆ ವಿಷಯ ತಿಳಿಸಿದಾಗ ಅವರು ಟವೆಲು ಹೆಗಲಿಗೆ ಹಾಕಿಕೊಂಡು, "ಕೈ ಈಚೆಗೆ ಬಂದಾಯ್ತಲ್ಲ ಅಲ್ಲುಡೂ," ಎಂದಷ್ಟೇ ಹೇಳಿದರು. ಪಿಳ್ಳಪ್ಪಣ್ಣನನ್ನು ಕೇಳಿಕೊಂಡೆವು. ಅವನು ಬಾನೆಟ್ಟಿನ ಮಸುಕು ಅಕ್ಷರವನ್ನು ಸವರುತ್ತಾ, "ಇದು ನಾನು ಕಲ್ತ ಗಾಡಿ ಕಣ್ಲಾ. ನನ್ನ ಗುರ್ತು ಹಿಡೀತದೆ. ಅದೂ ಅಲ್ದೆ ಸೋತಿರೋ ಗಾಡಿ ಅಂದ್ರೆ ಎಷ್ಟು ಸಾಧು ಇರ್ಬೇಕು ನೋಡು. ನಾ ಬಿಡಾಕಿಲ್ಲ," ಎಂದ.

ಸಂಜೆಯ ಹೊತ್ತಿಗೆ ಫಲಿತಾಂಶ ಬಂತು. ಹಳೆಯ ಚಿಕ್ಕ ಕಾರುಗಳ ಗುಂಪಿನಲ್ಲಿ ಹನ್ನೊಂದನೇ ನಂಬರು ಮೊದಲನೆಯದು. ಟೋಪಿಯ ಹುಡುಗಿ ಮತ್ತೆ ನನ್ನನ್ನೇ ಹುಡುಕಿಕೊಂಡು ಬಂದಳು. ಅವಳಿಗೆ ಮೂರು ಭಾಷೆಯೂ ಬರುತ್ತಿರಲಿಲ್ಲವಾದ್ದರಿಂದ ನನ್ನ ಮೇಲಿನ ಗೌರವ ಕಡಿಮೆಯಾಗಿರಲಿಲ್ಲ. ಅಟ್ಟಣೆ ಹತ್ತಿದೆ. ಇನ್ನು ತೆಲುಗಿನ ಒಂದಕ್ಷರವೂ ಬೇಡ, ನನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಶೀನನ ಗೆಲುವನ್ನಾದರೂ ಸರಿಯಾಗಿ ಹೇಳೋಣ ಎಂದುಕೊಂಡೆ. "ಹನ್ನೊಂದನೇ ಸಂಖ್ಯೆಯ ವಾಹನವು..." ಎಂದು ಶುರುಮಾಡಿದೆ. ನೆಲದ ಮೇಲೆ ಕೂತ ಹುಡುಗ ಕಂಡ. ಇಷ್ಟು ವರ್ಷ ಓದಿ ಸಂಪಾದಿಸಿದ ಕನ್ನಡವೆಲ್ಲ ಎಲ್ಲಿಗೋ ಹೋಗಿ, ನಮ್ಮೂರಿನ ಕನ್ನಡ ಬಾಯಿಗೆ ಬಂತು.

"ನಮ್ ಶೀನನ್ ಗಾಡಿ ಗೆದ್ದೈತೆ ಕಣ್ರಪ್ಪಾ. ಅದು ಓಡೋಗೋ ಗಾಡಿ. ಕಣ್ಣಿ ಕಿತ್ಕೊಂಡ್ ಓರಿ ಓಡೋದಂಗೆ ಓಡೋಯ್ತು. ಯಾರಿಡಿದ್ರೂ ನಿಲ್ಲಾಕಿಲ್ಲ, ಯಾರ್ ಕೈಗೂ ಸಿಗಾಕಿಲ್ಲ. ಅಂಥ ಓಡೋಗೋ ಗಾಡಿ ಈ ಸೀಮೆಲೇ ಇಲ್ಲ."

ಜನ ಶಿಳ್ಳೆ ಹೊಡೆದರು. ಆ ಶಿಳ್ಳೆಯ ನಡುವೆ ಪಿಳ್ಳಪ್ಪಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಮಾವನವರ ಕಡೆ ನುಗ್ಗುವುದು ಕಾಣಿಸಿತು. ನಾನು ಇಳಿದು ಹೋಗುವಷ್ಟರಲ್ಲಿ ಅವನ ದನಿ ಮೈಕಿಗಿಂತ ಮೇಲಿತ್ತು.

"ಏನ್ ಯಾಪಾರ ಮಾಡಿದ್ರಿ ನೀವು? ಸಾಧು ಗಾಡಿ ಅಂತ ಕೈ ಒಡ್ಡಿದ್ರಲ್ಲ. ಓಡೋಗೋ ಗಾಡಿ ಅಂತ ಯಾಕೇಳ್ಲಿಲ್ಲ? ನಿಮ್ಮ ಅಳೀನೇ ಊರಿಗೆಲ್ಲ ಕೇಳಂಗೆ ಏಳ್ತಾವ್ನೆ. ನಂಗೆ ಸುಮ್ನಿರೋ ಗಾಡಿಯಾಗೇ ಬ್ರೇಕೆಲ್ಲೈತೆ ಅಂತ ಕಾಲಿಗೆ ಮರ್ತೋಗ್ತದೆ. ಇನ್ನ ಯಾರಿಡಿದ್ರೂ ನಿಲ್ದೇ ಇರೋದು ಕೊಟ್ರೆ ಮಂಡಿನೋವಿನೋಳ್ನ ಎಲ್ಲಿಗೆ ತಕೊಂಡೋಗ್ಲಿ?"

ಮಾವನವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ದಲ್ಲಾಳಿ ಎಂದರೆ ಏನು ಎಂದು ನನಗೆ ಅಂದೇ ತಿಳಿದದ್ದು. ಅವರು ಪಡುವಣದ ಕಡೆ ನೋಡಿದರು. ಸೂರ್ಯ ದಿಬ್ಬದ ಮೇಲೆ ಇನ್ನೂ ಒಂದು ಆಳಿನಷ್ಟು ಎತ್ತರದಲ್ಲಿದ್ದ. ಕೊಟ್ಟ ಮಾತು ಮುರಿಯುವುದು ತಮಗೆಷ್ಟು ನೋವು ಎಂಬಂತೆ ನಿಟ್ಟುಸಿರು ಬಿಟ್ಟು, "ಏನ್ ಮಾಡೋದು, ಒತ್ತು ಮುಳುಗಿಲ್ಲ. ಬಿಚ್ಕೋ ನಿನ್ನ ಹಗ್ಗಾನ," ಎಂದರು. ಪಿಳ್ಳಪ್ಪಣ್ಣ ಹಗ್ಗ ಬಿಚ್ಚುವಾಗ ಕಾರಿನ ಹಿಂಭಾಗಕ್ಕೆ ಹೋಗದಂತೆ ಎಚ್ಚರ ವಹಿಸಿದ. ಓಡಿಹೋಗುವುದು ಒದೆಯಲೂಬಹುದು.

ಕಾರನ್ನು ಲಾರಿಯಲ್ಲಿ ಕಳಿಸಿ ಶೀನನೂ ಕುಮಾರನೂ ನಮ್ಮ ಜೊತೆ ರೈಲು ಹತ್ತಿದರು. ಮಾವ ನನ್ನ ಪಕ್ಕದಲ್ಲಿ ಕೂತರು. ಮೊದಲನೆಯದು ನಾಲಿಗೆ ಜಾರಿದ್ದು ಸರಿ, ಆದರೆ ಎರಡನೆಯದು ಬುದ್ಧಿ ಎಂದು ಅವರು ತೀರ್ಮಾನಿಸಿಯಾಗಿತ್ತು. ಮಾರಿದವನು ಮಾತು ತಪ್ಪದೆ, ಕೊಂಡವನೇ ಬಂದು ವಾಪಸು ಕೊಡುವಂತೆ ಮಾಡಲು, ಯಾವ ದೋಷ ಹೇಳಿದರೆ ಪಿಳ್ಳಪ್ಪ ಓಡಿಬರುತ್ತಾನೋ ಅದನ್ನೇ ಹುಡುಕಿ, ಇಡೀ ಬಯಲಿಗೆ ಕೇಳುವಂತೆ ಸಾರಿದನಲ್ಲ ಅಳಿಯ. ಡಿಗ್ರಿ ಎಂದರೆ ಇದು ಎಂದು, ಪಿಳ್ಳಪ್ಪಣ್ಣ ನಿದ್ದೆ ಹೋದದ್ದು ನೋಡಿಕೊಂಡು, ಎದುರು ಸೀಟಿನ ಅಪರಿಚಿತರಿಗೂ ವಿವರಿಸಿದರು. ಅಮ್ಮ ಸೆರಗಿನಿಂದ ನನ್ನ ಮುಖದ ಧೂಳು ಒರೆಸಿದಳು. ನಾನು ಏನೂ ಯೋಚಿಸಿರಲಿಲ್ಲ ಎಂದು ಹೇಳಬೇಕಾಗಿತ್ತು. ಕಿಟಕಿಯ ಹೊರಗೆ ನೋಡಿದೆ. ಸುಜಾತಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು; ಅವಳು ನನ್ನನ್ನೇ ನೋಡುತ್ತಾ ಕಡಲೆಕಾಯಿ ಬಿಡಿಸುತ್ತಿದ್ದಳು.

ಆಗ ಮಾವ ಗಂಭೀರವಾಗಿ, ಅಂದರೆ ತೆಲುಗಿನಲ್ಲಿ, ನನಗೇನೋ ಕೇಳಿದರು. ರೈಲಿನ ಸದ್ದಿನಲ್ಲಿ ಕೇಳಿಸಿದ್ದು ಶೀನ, ಪಕ್ಕನ, ಚದವಾಲ ಎಂಬ ಮೂರು ಮಾತು. ಚದುವು ಎಂದರೆ ಓದು ಎಂಬುದು ನನಗೆ ಗೊತ್ತು. ಶೀನನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಕ್ಷರ ಓದಿಸಬೇಕು ಎನ್ನುತ್ತಿದ್ದಾರೆ ಎಂದು ಅರ್ಥಮಾಡಿಕೊಂಡೆ. ಮೇಷ್ಟ್ರಾದವನಿಗೆ ಇದಕ್ಕಿಂತ ಸಂತೋಷವೇನಿದೆ. "ಅವುನು, ಅವುನು," ಎಂದೆ. ಶೀನ ಎದ್ದು ಬಂದು ನನ್ನನ್ನು ತಬ್ಬಿಕೊಂಡ. ಕುಮಾರನೂ ಇದ್ದಲ್ಲಿಂದಲೇ ಕೈಮುಗಿದ. ಸುಜಾತ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನುವಾಗ ಅವಳು ಅರ್ಥ ಬಿಡಿಸಿದಳು: ಕುಮಾರ ಬಿಟ್ಟನಲ್ಲ, ಇನ್ನು ಮೇಲೆ ರೇಸಿನಲ್ಲಿ ಶೀನನ ಪಕ್ಕ ಕೂತು ತಿರುವುಗಳನ್ನು ಓದಿ ಹೇಳುವವನು ನೀನೇ ಆಗಬೇಕು, ಓದಿದವನು ನಮ್ಮಲ್ಲಿ ಇನ್ಯಾರಿದ್ದಾರೆ, ಎಂದು ಮಾವ ಕೇಳಿದ್ದರು. ನಾನು ಎರಡೆರಡು ಸಲ ಹೌದು ಎಂದಿದ್ದೆ.

ಹೆಲ್ಮೆಟ್ಟು ಬಂದಿದೆ. ಅಮ್ಮ ಅದನ್ನು ನನ್ನ ಡಿಗ್ರಿಯ ಪಟದ ಕೆಳಗೆ, ದೇವರ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಿದ್ದಾಳೆ. ಸಂಜೆ ಹೊತ್ತು ಸುಜಾತ ಮಂಚವನ್ನು ಅಲ್ಲಾಡಿಸುತ್ತಾಳೆ, ನಾನು ಅದರ ಮೇಲೆ ಕೂತು "ಎಡಕ್ಕೆ ತಿರುವು, ಬಲಕ್ಕೆ ಇಳಿಜಾರು" ಎಂದು ಓದುವ ಅಭ್ಯಾಸ ಮಾಡುತ್ತೇನೆ. ಪಿಳ್ಳಪ್ಪಣ್ಣ ದಿನಾ ಬಂದು ನೋಡಿ, ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿ ಹೋಗುತ್ತಾನೆ. ಮುಂದಿನ ರೇಸು ಹತ್ತಿರ ಬರುತ್ತಿದೆ. ನಾನಂತೂ ಓಡಿಹೋಗುವುದೆಂದು ತೀರ್ಮಾನಿಸಿದ್ದೇನೆ. ಯಾವ ಭಾಷೆಯಲ್ಲಿ ಎಂಬುದೊಂದನ್ನು ಇನ್ನೂ ನಿರ್ಧರಿಸಿಲ್ಲ.